ಮೂರು ಸಲ ಉಗುಳಬೇಕಿತ್ತು

ನನ್ನ ಅಕ್ಕ ಫಾನಿಯ ಕಣ್ಣು ನೀಲಿ. ನಮ್ಮ ಕಾಲಿಮ್ನೋಸ್ ದ್ವೀಪದಲ್ಲಿ ನೀಲಿ ಕಣ್ಣಿನವರು ಕೂಸನ್ನು ಹೊಗಳಿದರೆ ತಕ್ಷಣ ಮೂರು ಸಲ ಥೂ ಥೂ ಎಂದು ಉಗುಳಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ. ಅಕ್ಕನಿಗೆ ಇದು ಚಿಕ್ಕಂದಿನಿಂದಲೂ ರೂಢಿ. ಮೇಕೆಮರಿಯನ್ನು ಹೊಗಳಿದರೂ ಉಗುಳುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳ ಮಡಿಲು ತುಂಬಲಿಲ್ಲ. ನನಗೆ ಗಂಡುಮಗು ಹುಟ್ಟಿದಾಗ ನನಗಿಂತ ಹೆಚ್ಚು ಅತ್ತವಳು ಅವಳೇ. ಇಗರ್ಜಿಯಲ್ಲಿ ಮಗುವನ್ನು ನೀರಿನಲ್ಲಿ ಮುಳುಗಿಸಿ ಹೆಸರಿಡುವ ದಿನ ಅವನನ್ನು ಎತ್ತಿಕೊಳ್ಳುವ ಧರ್ಮತಾಯಿಯೂ ಅವಳೇ ಎಂದು ನಾನು ಮಾತು ಕೊಟ್ಟಿದ್ದೆ. ಬಿಳಿ ಬಟ್ಟೆಯನ್ನು ಅವಳು ಆಗಲೇ ಹೊಲಿದಿಟ್ಟಿದ್ದಳು.

ಒಂಬತ್ತು ತಿಂಗಳಿಗೆ ಮಗು ಕುರ್ಚಿ ಹಿಡಿದು ಮೊದಲ ಸಲ ಎದ್ದು ನಿಂತಿತು. ಅಕ್ಕ ನೋಡಿದಳು, ನನ್ನ ಬಂಗಾರ ಎಂದಳು, ಅಳುತ್ತಾ ಹೊರಗೆ ಹೋದಳು. ಉಗುಳುವುದನ್ನು ಮರೆತಳು. ಮೂಲೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ನನ್ನ ಅತ್ತೆ ಮಾರಿಗೋ ಅದನ್ನು ಮರೆಯಲಿಲ್ಲ.

ಮರುದಿನ ಮಗುವಿಗೆ ಜ್ವರ ಬಂತು. ಕಿವಿಯಲ್ಲಿ ಸೋಂಕು ಎಂದು ಡಾಕ್ಟರು ಔಷಧಿ ಬರೆದುಕೊಟ್ಟರು. ಅತ್ತೆ ಬಟ್ಟಲ ನೀರಿಗೆ ಎಣ್ಣೆ ಹನಿಸಿದರು, ಹನಿ ಕರಗಿ ಹೋಯಿತು, ದೃಷ್ಟಿಯೇ ಎಂದರು. ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಇದನ್ನೆಲ್ಲ ನಂಬುವುದಿಲ್ಲ ಎಂದು ರೇಗಿದೆ.

"ಔಷಧಿನೂ ಕೊಡು ಆರ್ಗಿರೋ, ನಿಮ್ಮಕ್ಕನ್ನೂ ಕರೆಸಿ ಉಗುಳಿಸು," ಎಂದರು ಅತ್ತೆ. "ಯಾರ ಕಣ್ಣು ತಾಗಿದ್ಯೋ ಅವರೇ ಉಗುಳ್ಬೇಕು. ಕಳ್ಕೊಳ್ಳೋದೇನಿದೆ ನಿಂಗೆ?"

ಮೂರನೆಯ ದಿನವೂ ಜ್ವರ ಇಳಿಯಲಿಲ್ಲ, ಮಗು ಹಾಲು ಮುಟ್ಟಲಿಲ್ಲ. ಫೋನು ಮಾಡಿದವಳು ಅತ್ತೆಯಲ್ಲ, ನಾನು. ಒಂದು ಸಲ ಬಂದು ಉಗುಳಿ ಹೋಗು ಎಂದೆ. ಅಕ್ಕ ತಕ್ಷಣ ಫೋನಿಟ್ಟಳು.

ತಲೆ ಒರೆಸಿಕೊಳ್ಳದೆ ಒದ್ದೆ ಕೂದಲಲ್ಲೇ ಓಡಿ ಬಂದಳು. ಹೊಸ್ತಿಲಲ್ಲೇ ನಿಂತಳು.

"ಕಣ್ಣು ಮುಚ್ಕೊಂಡು ಉಗುಳ್ಲಾ, ಆರ್ಗಿರೋ?"

ಬೇಡ ಅನ್ನಬಹುದಿತ್ತು. ಒಳಗೆ ಬಾ, ತಲೆ ಒರೆಸಿಕೋ ಅನ್ನಬಹುದಿತ್ತು.

"ಮುಚ್ಕೋ," ಎಂದೆ.

ಮುಚ್ಚಿಕೊಂಡು ಮೂರು ಸಲ ಉಗುಳಿದಳು. ಕಾಣದೆ ಒಂದು ನನ್ನ ಕೈಮೇಲೆ ಬಿತ್ತು. ಸಂಜೆಗೆ ಜ್ವರ ಇಳಿಯಿತು. ಆ ಔಷಧಿ ಹಿಡಿಯಲು ಮೂರು ದಿನ ಬೇಕೇ ಬೇಕು ಎಂದರು ಡಾಕ್ಟರು. ಅತ್ತೆ ನನ್ನ ಮುಖ ನೋಡಿ ಶಿಲುಬೆ ಗುರುತು ಹಾಕಿಕೊಂಡರು. ನಾನು ಯಾರನ್ನು ನಂಬಿದೆ ಎಂದು ಈಗಲೂ ಹೇಳಲಾರೆ, ಅದೇ ನನ್ನ ನಾಚಿಕೆ.

ಹೆಸರಿಡುವ ದಿನ ಅಕ್ಕ ತಪ್ಪದೆ ಬಂದಳು. ಎಣ್ಣೆ ಸವರಿದ ಮಗು ಅವಳ ಮೂಗು ಹಿಡಿದೆಳೆಯಿತು, ಕೆನ್ನೆಗೆ ಬಡಿಯಿತು. ಅವಳು ನೆಲ ನೋಡುತ್ತಲೇ "ಮಿಖಾಲಿಸ್" ಎಂದು ಅವನ ಹೆಸರು ಹೇಳಿದಳು.

ಈಗ ಅವನಿಗೆ ಆರು ವರ್ಷ. ಪ್ರತಿ ಈಸ್ಟರಿಗೆ ಧರ್ಮತಾಯಿ ಕೊಡಬೇಕಾದ ಹೊಸ ಬೂಟನ್ನು ಅಕ್ಕ ತರುತ್ತಾಳೆ. ಅಳತೆಯನ್ನು ಫೋನಿನಲ್ಲಿ ನನ್ನ ಹತ್ತಿರ ಕೇಳುತ್ತಾಳೆ. ಅವನನ್ನು ಕಣ್ಣು ಬಿಟ್ಟು ನೋಡು ಅಕ್ಕ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

"ಬೇಡ ಕಣೆ. ಹೀಗೇ ಚೆನ್ನಾಗಿದೀವಿ," ಅನ್ನುತ್ತಾಳೆ.

ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಎರಡೂ ಕೈ ಚಾಚಿ ಕಣ್ಣು ಮುಚ್ಚುತ್ತಾಳೆ. ಇದು ಆಟ ಎಂದುಕೊಂಡಿದ್ದಾನೆ ನನ್ನ ಮಗ. ತಾನೂ ಕಣ್ಣು ಮುಚ್ಚಿಕೊಂಡು ಅವಳತ್ತ ಓಡುತ್ತಾನೆ.