ಉಡಿಯಲ್ಲಿ ಬಂದ ಬಳ್ಳಿ

ಸಿದ್ದಲಿಂಗವ್ವ ಮದುವೆಯಾಗಿ ಮುರಗೋಡಕ್ಕೆ ಬಂದಾಗ ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲುಗಳ ಜೊತೆಗೆ ಕೃಷ್ಣಕಮಲದ ಒಂದು ಕಡ್ಡಿಯೂ ಇತ್ತು. ಮುನವಳ್ಳಿಯಾಚೆಗಿನ ಅವಳ ತವರಿನಲ್ಲಿ ಅದೇ ರೂಢಿ. ಗಂಡನ ಮನೆಗೆ ಹೊರಟ ಮಗಳಿಗೆ ಅಂಗಳದ ಬಳ್ಳಿಯಿಂದ ಒಂದು ಕಡ್ಡಿ ಮುರಿದು, ಒದ್ದೆ ಅರಿವೆಯಲ್ಲಿ ಸುತ್ತಿ ಉಡಿಗೆ ಹಾಕುತ್ತಿದ್ದರು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಹೆಣ್ಣು ಹೋದಲ್ಲೆಲ್ಲ ಬಳ್ಳಿಯೂ ಹೋಯಿತು.

ಆಮೇಲೆ ಮಲಪ್ರಭೆಗೆ ಆಣೆಕಟ್ಟು ಬಂದು ತವರು ನೀರಿನಡಿ ಸೇರಿತು. ಅಣ್ಣತಮ್ಮಂದಿರು ಬೇರೆ ಕಡೆ ಮನೆ ಕಟ್ಟಿಕೊಂಡರು. ಹೋದರೆ ಉಪಚಾರಕ್ಕೇನೂ ಕೊರತೆಯಿರಲಿಲ್ಲ, ಆದರೆ ಅದು ತವರೆನಿಸಲಿಲ್ಲ. ಬಾವಿಯ ಕಟ್ಟೆ, ಅವ್ವ ತಲೆ ಹಿಕ್ಕುತ್ತಿದ್ದ ಜಗಲಿ, ಸಂಜೆ ಎಮ್ಮೆಗಳು ಬರುವಾಗಿನ ಧೂಳು, ಇವೆಲ್ಲ ಬೇಕೆಂದರೆ ಸಿದ್ದಲಿಂಗವ್ವ ಹಿತ್ತಲಿಗೆ ಹೋಗಿ ಬಳ್ಳಿಯ ಹತ್ತಿರ ನಿಲ್ಲುತ್ತಿದ್ದಳು. ಹೂವು ಅರಳಿದ ವಾಸನೆಗೆ ಅವು ಒಂದೊಂದಾಗಿ ಕಣ್ಣಮುಂದೆ ಬರುತ್ತಿದ್ದವು.

ಆ ಬಳ್ಳಿ ಈಗ ಸಾಯುತ್ತಿತ್ತು. ಬುಡ ಕಪ್ಪಾಗಿ ಮೆತ್ತಗಾಗಿತ್ತು. ನೆಟ್ಟ ಕಡ್ಡಿಗಳೆಲ್ಲ ಕೊಳೆತವು. ಬೈಲಹೊಂಗಲದ ತಂಗಿಯ ಮನೆಗೆ ಹೋದರೆ ಅಲ್ಲಿಯದು ಗೋಡೆ ಕಟ್ಟುವಾಗ ಹೋಗಿತ್ತು. ಸವದತ್ತಿಯದನ್ನು ಆಡು ತಿಂದು ಮುಗಿಸಿತ್ತು. ರಾಮದುರ್ಗದ್ದು ಎಂದೋ ಒಣಗಿತ್ತು.

ಅಂಥ ಹೊತ್ತಿನಲ್ಲಿ ಬಾಳು ಎಂಬ ಹುಡುಗ ಬಂದ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಈ ಬಳ್ಳಿಯ ಮೇಲೆಯೇ ಸಂಶೋಧನೆಗೆ ಕೂತವನು. ಎಲೆ ಕೇಳಲು ಊರೂರು ತಿರುಗುತ್ತಿದ್ದ.

“ಬ್ಯಾರೆ ದೇಶದಾಗ ನಿದ್ದಿ ಬರಲಾರದವರಿಗೆ ಇದರ ಎಲಿ ಕುದಿಸಿ ಕುಡಸ್ತಾರ್ರಿ ಅವ್ವಾರ. ನಮ್ಮ ಕಡೆ ಬಳ್ಳ್ಯಾಗ ಆ ಗುಣ ಐತೋ ಇಲ್ಲೋ, ಇಲಿಗೋಳಿಗೆ ಕುಡಿಸಿ ನೋಡಾಕ ಹತ್ತೇನಿ.”

“ಇಲಿ ಮಲಗಸಾಕ ಇಷ್ಟ್ ಸಾಲಿ ಕಲತ್ರೇನ್ರಿ?” ಎಂದಳು ಸೊಸೆ ಶೆಟ್ಟೆವ್ವ. “ನಮ್ಮ ಮನ್ಯಾಗಿನವನ್ನೂ ಒಯ್ರಿ. ಅಟ್ಟದ ಮ್ಯಾಲ ಭಾಳ ಕುಣೀತಾವು.”

ಸಿದ್ದಲಿಂಗವ್ವ ನಗಲಿಲ್ಲ. “ಎಲಿ ಬೇಕಾದಷ್ಟು ಒಯ್ಯಪಾ. ಮದ್ಲ ಇದನ್ನ ಉಳಿಸಿಕೊಡು.”

ಬಾಳು ಬುಡ ಕೆದರಿ ನೋಡಿದ. “ರೋಗ ಕಡ್ಡ್ಯಾಗೂ ಇಳದೈತ್ರಿ. ಇನ್ನ ಬೀಜದಿಂದ ಎಬ್ಬಿಸಿದ್ರ ಉಂಟು.”

“ಒಂದ್ ದಿನಾ ಕಾಯಿ ಬಿಟ್ಟಿಲ್ಲ ಇದು.”

“ಹೂ ಏನ್ ಮಾಡ್ತೀರಿ?”

“ಅರಳಿದ್ದೆಲ್ಲಾ ಹರದು ಲಿಂಗಪೂಜಿಗೆ ಏರಸ್ತೇನಿ.”

“ಬಿಟ್ಟಿದ್ರೂ ಕಾಯಿ ಆಗತಿದ್ದಿಲ್ಲ ಬಿಡ್ರಿ. ಇದಕ್ಕ ತನ್ನ ಪರಾಗ ತನಗ ಒಗ್ಗೂದಿಲ್ಲ. ನಿಮ್ಮ ಅಕ್ಕತಂಗೇರ ಮನೀವೂ ಒಂದ ಬಳ್ಳಿ ಕಡ್ಡಿ, ಅವೂ ನಡೀತಿದ್ದಿಲ್ಲ. ಕಿತ್ತೂರಾಗ ಲಗಮವ್ವ ಅನ್ನೂವ್ರ ಹಿತ್ತಲದಾಗ ಬ್ಯಾರೆ ಒಂದು ಐತಿ. ಅದರ ಹೂ ತಂದು ಮುಟ್ಟಸ್ತೇನಿ.”

“ಮತ್ತ ಇದ ಬಳ್ಳಿ ಹುಟ್ಟತೈತಿ ಹೌದಿಲ್ಲೋ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬಾಳು ಅನ್ನಲಿಲ್ಲ. “ಅರ್ಧಾ ಇದು, ಅರ್ಧಾ ಕಿತ್ತೂರದ್ರಿ. ಬಣ್ಣಾನೂ ಬ್ಯಾರೆ ಬಂದೀತು.”

“ಹಂಗಾದ್ರ ಬ್ಯಾಡ,” ಎಂದು ಸಿದ್ದಲಿಂಗವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ತವರೆಂದು ಉಳಿದದ್ದೇ ಇಷ್ಟು, ಅದನ್ನೂ ಬೆರಕೆ ಮಾಡುವುದೇ?

ಶೆಟ್ಟೆವ್ವ ರೊಟ್ಟಿ ಬಡಿಯುತ್ತಲೇ ಅಂದಳು: “ನಾನೂ ಎಂ.ಕೆ. ಹುಬ್ಬಳ್ಳಿಯಿಂದ ಬಂದಾಕಿ ಅತ್ತೀ. ನನ್ನ ಮಗಳಿಗೆ ನಿಮ್ಮ ಅವ್ವನ ಮೂಗು ಬಂದೈತಿ ಅಂತ ಓಣೆಲ್ಲಾ ಹೇಳ್ಕೋಂತ ತಿರಗತೀರಿ. ಅರ್ಧಾ ನಂದೈತಿ ಅಂತ ಕೂಸಿನ್ನ ಒಲ್ಲೆ ಅಂದ್ರೇನು?”

“ಬಾಯಿ ಭಾಳ ಆತು ನಿಂದು.”

ಬೈದಳಾದರೂ ಎದ್ದಳು. ಬಾಳು ಎಲೆಯ ಚೀಲ ಹೆಗಲಿಗೇರಿಸಿ ಹೊರಟಿದ್ದ. ಬಾಗಿಲಿನಿಂದಲೇ ಕೂಗಿದಳು: “ತಮ್ಮಾ! ಇನ್ನ ಹೂ ಹರಿಯೂದಿಲ್ಲ. ಶಿವಗ ಪತ್ರಿ ಸಾಕು. ತಗೊಂಬಾ ನಿನ್ನ ಕಿತ್ತೂರ ಹೂ.”

ಬೆಳಗಿನ ಬಸ್ಸಿಗೆ ಕಿತ್ತೂರಿನ ಹೂವುಗಳು ಊಟದ ಡಬ್ಬಿಯಲ್ಲಿ ಬಂದವು. ಬಾಳು ಸಣ್ಣ ಕುಂಚದಿಂದ ಪರಾಗ ತೆಗೆದು ಬಳ್ಳಿಯ ಹೂವಿಗೆ ತಾಗಿಸಿದ. ಸಿದ್ದಲಿಂಗವ್ವ ಸೆರಗು ಹೊದ್ದು, ಅಕ್ಷತೆಯ ಹೊತ್ತಿಗೆ ನಿಂತ ಹಾಗೆ ನಿಂತಿದ್ದಳು. ಎರಡು ಕಾಯಿ ಕಚ್ಚಿದವು, ಒಂದು ಉದುರಿತು. ಉಳಿದದ್ದು ಹಳದಿಯಾಗುವತನಕ ಬಳ್ಳಿ ಹೇಗೋ ಜೀವ ಹಿಡಿದಿತ್ತು. ಹಣ್ಣು ಕಿತ್ತ ಮೇಲೆ ಒಣಗಿತು. ಅದನ್ನು ಬುಡಸಮೇತ ಕಿತ್ತು ಸುಡುವಾಗ ಸಿದ್ದಲಿಂಗವ್ವ ಮನೆಯೊಳಗಿಂದ ಹೊರಗೆ ಬರಲಿಲ್ಲ.

ಬೇರೆ ಮೂಲೆಯಲ್ಲಿ ಹಾಕಿದ ಬೀಜ ಮೊಳೆಯಿತು. ಮರುವರ್ಷ ಹೂವು ಬಿಟ್ಟಿತು. ಹಳೆಯ ಬಳ್ಳಿಯ ಆ ಕಡುನೀಲಿ ಇರಲಿಲ್ಲ, ತಿಳಿಯಾಗಿತ್ತು, ವಾಸನೆ ಮಾತ್ರ ತುಸು ಖಾರ. ಅವಳು ಬಹಳ ಹೊತ್ತು ನಿಂತಳು. ಬಾವಿಯ ಕಟ್ಟೆ ಬಂತು, ಜಗಲಿ ಬಂತು. ಅವುಗಳ ಪಕ್ಕದಲ್ಲಿ ತಾನೆಂದೂ ಕಾಣದ ಯಾವುದೋ ಹಿತ್ತಲೂ ಬಂದು ನಿಂತಿತು.

ಮರುದಿನ ಡಾಲ್ಡಾ ಡಬ್ಬಿಯಲ್ಲಿ ಅದೇ ಹಣ್ಣಿನ ಬೀಜದ ಇನ್ನೊಂದು ಸಸಿ, ಅರಿವೆಗಂಟಿನಲ್ಲಿ ಶೇಂಗಾ ಹೋಳಿಗೆ ಹಿಡಿದು ಕಿತ್ತೂರಿನ ಬಸ್ಸು ಹತ್ತಿದಳು.

ಬಾಗಿಲು ತೆರೆದ ಹೆಂಗಸು ಕೇಳಿದಳು: “ಯಾರ್ ಬೇಕಾಗಿತ್ರಿ?”

“ಲಗಮವ್ವ ನೀವ ಏನ್ರಿ? ನಾ ನಿಮ್ಮ ಬೀಗತಿ, ಮುರಗೋಡದಾಕಿ.”

“ಮುರಗೋಡದಾಗ ನಮಗ ಬೀಗರ ಇಲ್ಲಲ್ರಿ ಯವ್ವಾ!”

“ಅದಾರ್ರಿ. ಒಳಗ ಕರೀರಿ, ಹೇಳತೇನಿ.”