ಪುಷ್ಯಕ್ಕೆ ಹಿಡಿದ ಗ್ರಹಣ

ಆ ಪೇಪರಿನವರಿಗೆ ದೇವರು ಒಳ್ಳೆಯದು ಮಾಡಲಿ, ಅದಕ್ಕಿಂತ ಹೆಚ್ಚು ನನ್ನ ಬಾಯಿಂದ ಹೇಳಿಸಬೇಡಿ. ಕಲ್ಲುಗುಂಡಿಯ ನನ್ನ ಅಕ್ಕನ ಮಗಳು ನವ್ಯಾ ಪುತ್ತೂರಿನ ನಮ್ಮ ಮನೆಯಲ್ಲೇ ಇದ್ದುಕೊಂಡು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಜೊತೆಗೆ ನಕ್ಷತ್ರಗಳ ಮೇಲೆ ಪಿಎಚ್‌.ಡಿ. ಅವಳು ಯಾವುದೋ ಸಭೆಯಲ್ಲಿ ಮಾತಾಡಿದ್ದನ್ನು ಅರೆಬರೆ ಕೇಳಿಸಿಕೊಂಡು ಇವರು ದಪ್ಪಕ್ಷರದಲ್ಲಿ ಹಾಕಿದರು: ‘ಪುಷ್ಯ ನಕ್ಷತ್ರಕ್ಕೆ ಗ್ರಹಣ: ಕಲ್ಲುಗುಂಡಿ ಯುವತಿಯ ಸಂಶೋಧನೆ’.

ಅವಳಿಗೆ ನಿಶ್ಚಯವಾಗಿದ್ದ ಹುಡುಗ ಕಡಬದ ಹರಿಪ್ರಸಾದ್. ಅವನ ಜನ್ಮನಕ್ಷತ್ರ ಪುಷ್ಯ!

ಸಂಬಂಧ ಕುದುರಿಸಿದವಳು ನಾನು, ಮೆಚ್ಚಿದವಳು ಅವಳೇ. ‘ಮದುವೆಯಾದ ಮೇಲೂ ಓದು. ಯಾರು ಬೇಡ ಅಂದರೂ ನಾನುಂಟು’ ಎಂದಿದ್ದನಂತೆ ಹುಡುಗ. ಬಂದ ಗಂಡುಗಳಿಗೆಲ್ಲ ಕೊಂಕು ತೆಗೆಯುತ್ತಿದ್ದ ನಮ್ಮ ಹುಡುಗಿ ಆ ಒಂದು ಮಾತಿಗೆ ಕರಗಿ ನೀರಾಗಿದ್ದಳು.

ಪೇಪರು ಬಂದ ದಿನವೇ ಹುಡುಗನ ಅಪ್ಪ ಡೊಂಬಯ್ಯಣ್ಣ ಮಗನನ್ನು ಕರೆದುಕೊಂಡು ಬಂದಿಳಿದರು. ನಾನು ಚಾ, ಬಿಸಿ ಬಿಸಿ ಗೋಳಿಬಜೆ ತಂದಿಟ್ಟೆ. ಅವರು ತಟ್ಟೆಯನ್ನು ಆಚೆ ದೂಡಿದರು.

“ಬೇಡ ಸೇವಂತಿ. ಗ್ರಹಣದಲ್ಲಿ ನಾವು ತಿನ್ನುದಿಲ್ಲ.”

“ಎಂತ ಗ್ರಹಣ ಮಾರಾಯ್ರೆ? ಹೊರಗೆ ಬಿಸಿಲು ಸುಡ್ತಾ ಉಂಟು!”

“ನಿಮ್ಮ ನವ್ಯಾ ಕಂಡುಹಿಡಿದದ್ದಲ್ವಾ? ನಮ್ಮ ಹರಿಯ ನಕ್ಷತ್ರಕ್ಕೇ ಹಿಡಿದದ್ದು.”

ನವ್ಯಾ ಪಾಪ, ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. “ಮಾವ, ಪುಷ್ಯದಲ್ಲಿ ನೂರಾರು ನಕ್ಷತ್ರಗಳ ಒಂದು ಗುಂಪು ಉಂಟು, ಜೇನುಗೂಡಿನ ಹಾಗೆ. ಅದರಲ್ಲಿ ಒಂದು ಜೋಡಿ ಒಂದಕ್ಕೊಂದು ಸುತ್ತು ಬರ್ತಾ ಇರ್ತದೆ. ಒಂದು ಇನ್ನೊಂದರ ಎದುರು ಬಂದಾಗ ನಮಗೆ ಬೆಳಕು ಕಡಿಮೆ ಕಾಣ್ತದೆ. ಅದನ್ನೇ ಗ್ರಹಣ ಅಂತ ಹೇಳುದು. ದಿನಕ್ಕೆ ಐದು ಸಲವಾದರೂ ಆಗ್ತದೆ.”

“ಐದು ಸಲ!” ಡೊಂಬಯ್ಯಣ್ಣ ಎದೆ ಹಿಡಿದುಕೊಂಡರು. “ಹಾಗಾದರೆ ಇವ ಹುಟ್ಟಿದಾಗಿಂದ ಗ್ರಹಣದಲ್ಲೇ ಊಟ ಮಾಡುದಾ?”

ಮಾಡಿ ಏನೂ ಕೆಟ್ಟಂತೆ ಕಾಣಲಿಲ್ಲ. ಹುಡುಗ ಗುಂಡುಕಲ್ಲಿನ ಹಾಗಿದ್ದ, ಅಷ್ಟರಲ್ಲಿ ತಟ್ಟೆಯ ಅರ್ಧ ಗೋಳಿಬಜೆ ಮುಗಿಸಿಯೂ ಇದ್ದ.

“ಆಯ್ತು, ಬಿಡುದು ಯಾವಾಗ ಹೇಳು,” ಎಂದರು ಡೊಂಬಯ್ಯಣ್ಣ. “ಬಿಟ್ಟ ಹೊತ್ತಿಗೆ ಮುಹೂರ್ತ ಇಡುವ. ಇಲ್ಲದಿದ್ದರೆ ಈ ಮದುವೆ ಆಗುದಿಲ್ಲ.”

“ಈ ಜೋಡಿಗೆ ಬಿಡುದು ಅಂತಲೇ ಇಲ್ಲ ಮಾವ. ಎರಡೂ ಮುಟ್ಟಿಕೊಂಡೇ ಸುತ್ತುದು. ಬೆಳಕು ಏರ್ತಾ ಇಳೀತಾ ಇರ್ತದೆ, ಅಷ್ಟೆ.”

ನನಗೆ ಮೈಯೆಲ್ಲ ಉರಿಯಿತು. ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. “ಗ್ರಹಣ ಬಿಡುದು ಇಷ್ಟು ಹೊತ್ತಿಗೆ ಅಂತ ಬಾಯಿಗೆ ಬಂದದ್ದು ಹೇಳಿಬಿಡು ಮಾರಾಯ್ತಿ! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಕೇಳುದು ಒಂದೇ ಒಂದು.”

“ಆ ಬೆಳಕನ್ನು ಅಳೆದದ್ದು ನಾನು ಚಿಕ್ಕಮ್ಮ. ಅದರ ಮೇಲೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ,” ಎಂದಳು. “ನೀವು ಸುಮ್ಮನಿರಿ, ಹರಿ ಮಾತಾಡ್ತಾರೆ.”

ಹರಿ ಮಾತಾಡಲಿಲ್ಲ. ಅವನ ಬಾಯಿ ತುಂಬಿತ್ತು. ಹೊರಡುವಾಗ ಡೊಂಬಯ್ಯಣ್ಣ ಮಾತ್ರ “ಹೇಗೂ ಬಿಡುದಿಲ್ಲ ಅಂತಾದರೆ ಇನ್ನೆಂತ” ಎಂದು ನಿಂತಲ್ಲೇ ತಣ್ಣಗಿನ ಚಾ ಕುಡಿದರು.

ಆ ವಾರವೆಲ್ಲ ನವ್ಯಾ ಫೋನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದಳು. ಅವನಿಂದ ಕರೆ ಬರಲಿಲ್ಲ.

ಮುಂದಿನ ವಾರ ಅಪ್ಪ ಮಗ ಇಬ್ಬರೂ ನಗುತ್ತ ಬಂದರು.

“ಜೋಯಿಸರು ದಾರಿ ತೋರಿಸಿದರು!” ಡೊಂಬಯ್ಯಣ್ಣ ಕೂರುವ ಮೊದಲೇ ಶುರುಮಾಡಿದರು. “ಇವ ಹುಟ್ಟಿದ ಹೊತ್ತಿಗೆ ಆಸ್ಪತ್ರೆಯ ಗಡಿಯಾರ ಮುಂದೆ ಇದ್ದಿರಬೇಕಂತೆ. ಸ್ವಲ್ಪ ಹಿಂದೆ ಸರಿಸಿದರು ನೋಡಿ, ಪುಷ್ಯ ಹೋಗಿ ಪುನರ್ವಸು ಆಯ್ತು. ಇನ್ನು ಆ ಗ್ರಹಣ ನಮಗೆ ತಾಗುದಿಲ್ಲ. ಸುಳ್ಯದ ಮದುವೆ ಹಾಲ್‌ಗೆ ಹೇಳಿಬಿಡುವ!”

ಅಬ್ಬಾ, ಬದುಕಿದೆ ಎಂದುಕೊಂಡೆ. ನಕ್ಷತ್ರ ಹೇಗೆ ಸರಿದರೆ ನನಗೇನು, ಹುಡುಗಿ ಗಂಡನ ಮನೆ ಸೇರಿದರೆ ಸಾಕು.

ನವ್ಯಾ ಹರಿಪ್ರಸಾದನ ಕಡೆ ತಿರುಗಿದಳು. “ನೀವು ಇದಕ್ಕೆ ಒಪ್ಪಿದಿರಾ?”

“ಅಪ್ಪ ಹೇಳಿದ ಮೇಲೆ...” ಅವನು ಹಲ್ಲು ಕಿರಿದ. “ನನಗೆ ಎಂತ, ಯಾವುದಾದರೂ ಆಗ್ತದೆ.”

ಅವಳು ನಿಶ್ಚಿತಾರ್ಥದ ಉಂಗುರ ಕಳಚಿ ಮೇಜಿನ ಮೇಲಿಟ್ಟಳು. “ಮಾವ, ನಾನು ಒಪ್ಪಿದ್ದು ಪುಷ್ಯದ ಹುಡುಗನನ್ನು. ಈ ಪುನರ್ವಸು ಯಾರು ಅಂತ ನನಗೆ ಗೊತ್ತಿಲ್ಲ.”

ನಾನು ಸೆರಗು ಬಿಗಿದು ಅವಳಿಗೆ ಸಮಾ ಬೈಯಲು ಎದ್ದೆ. ಕೊಬ್ಬು, ಸೊಕ್ಕು, ಓದಿದ ಹೆಚ್ಚುಗಾರಿಕೆ, ಎಲ್ಲ ಮಾತೂ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹರಿಪ್ರಸಾದ ಅಪ್ಪನ ಮುಖ ನೋಡಿ ಮೆಲ್ಲನೆ ಕೇಳಿದ:

“ಅಪ್ಪ, ಉಂಗುರ ತಗೊಳ್ಳುದಾ?”

“ತಗೋ ಮಾರಾಯ,” ಎಂದು ನಾನೇ ಹೇಳಿದೆ.