ಒಂದಡಿ ಗಿಡ್ಡವಾದ ಕೋಲು

"ಏಳನೇ ಕ್ಲಾಸಿಗೇ ಪಾಟಿಚೀಲ ಎಸೆದು ಬಂದ ದಡ್ಡ, ನನಗೆ ನದಿ ಪಾಠ ಹೇಳ್ತೀಯೇನೋ?"

ನಕ್ಷೆ ಆಫೀಸಿನಲ್ಲಿ ಹನ್ನೊಂದು ಜನರ ಮುಂದೆ ಎಂಜಿನಿಯರ್ ಸಾಹೇಬ ನನಗೆ ಹೀಗೆ ಅಂದ. ಟೈಪಿಸ್ಟ್ ಅಕ್ಕ ಕಿಸಕ್ಕನೆ ನಕ್ಕಳು. ಹೊಸ ನಕ್ಷೆ ಒಯ್ಯಲು ಬಂದಿದ್ದ ನನ್ನಣ್ಣ ತಲೆ ತಗ್ಗಿಸಿದ. ಅವನು ಸರಕು ದೋಣಿ ನಡೆಸುವವನು. ಆ ನಕ್ಷೆ ನಂಬಿ ಮಧ್ಯಾಹ್ನ ತುಂಬಿದ ದೋಣಿ ಬಿಡಬೇಕಿತ್ತು.

ಗೋಡೆಯುದ್ದಕ್ಕೂ ನದಿ ಮಲಗಿತ್ತು. ಬೆಟ್ಟದ ಒರತೆಯಿಂದ ಕಡಲ ಬಾಯಿಯ ಕವಲುಗಳವರೆಗೆ ಎಂಟುನೂರು ಮೈಲಿ, ನೀಲಿ ಶಾಯಿಯಲ್ಲಿ. ನೋಡೋಕೆ ಚಂದ. ಆದರೆ ನದಿ ಯಾವ ನಕ್ಷೆಗೂ ಸಲಾಮು ಹೊಡೆಯಲ್ಲ. ಮೇಲೆ ಬಂಡೆ ಸೀಳಿಕೊಂಡು ಬಂದದ್ದು ಬಯಲಿಗಿಳಿದ ಮೇಲೆ ಹಾವಿನ ಹಾಗೆ ಹೊರಳುತ್ತೆ. ತಿರುವಿನ ಹೊರದಂಡೆ ತಿನ್ನುತ್ತೆ, ಒಳದಂಡೆಗೆ ಮರಳು ಉಗುಳುತ್ತೆ. ನಾಲ್ಕು ವರ್ಷದಿಂದ ಅದರ ಹೊಟ್ಟೆಗೆ ಕೋಲು ಹಾಕಿ ಆಳ ಕೂಗುವವನು ನಾನು.

"ಸಾರ್, ಉಪನದಿ ಸೇರೋ ತಿರುವಲ್ಲಿ ಆರಡಿ ಅಂತ ಬರೆದಿದ್ದೀರಿ. ಇರೋದು ಐದೇ. ತುಂಬಿದ ದೋಣಿಗೆ ಐದೂವರೆ ಬೇಕು."

"ಆರು ಅಂತ ಕೂಗಿದವನು ನೀನೇ ತಾನೇ?"

ಹೌದು, ನಾನೇ. ಹೊಟ್ಟೆ ಉರಿಯೋದು ಅದಕ್ಕೇ. ಈ ಸಲದ ಅಳತೆಗೆ ಮುಂಚೆ ಕೋಲಿನ ತುದಿ ಸೀಳಿತ್ತು. ಸಾಹೇಬ ಬಡಗಿಗೆ ಹೇಳಿ ಕೆಳಗಿನ ಒಂದಡಿ ಕೊಯ್ಸಿ ಹೊಸ ತಗಡು ಹೊಡೆಸಿದ. ಗೆರೆ, ಅಂಕಿ ಮಾತ್ರ ಹಳೆಯವೇ. ಕೋಲು ಗಿಡ್ಡವಾಯಿತು, ಕಾಗದದಲ್ಲಿ ನದಿ ಆಳವಾಯಿತು! ನಾನೂ ಗೆರೆ ನೋಡಿ ಕೂಗುತ್ತಲೇ ಹೋದೆ. ನಿನ್ನೆ ಅದೇ ತಿರುವಲ್ಲಿ ದೋಣಿಯಿಂದ ಜಾರಿ ಬಿದ್ದೆ. ಕಾಲು ನೆಲ ಮುಟ್ಟಿತು, ನೀರು ಗಲ್ಲ ದಾಟಲಿಲ್ಲ. ಆರಡಿ ಇದ್ದಿದ್ದರೆ ನೆತ್ತಿ ಮುಳುಗಬೇಕಿತ್ತು.

ಕೋಲನ್ನು ಮೇಜಿನ ಮೇಲೆ ಚಾಚಿ ಪಕ್ಕದಲ್ಲಿ ಅಡಿಪಟ್ಟಿ ಇಟ್ಟೆ. ಕೋಲಿನ 'ಎರಡು' ಪಟ್ಟಿಯ ಒಂದಕ್ಕೆ ಬಂತು. ಟೈಪಿಸ್ಟ್ ಅಕ್ಕನ ನಗು ನಿಂತಿತು.

ಸಾಹೇಬ ದನಿ ಇಳಿಸಿದ. "ನಕ್ಷೆ ಮೇಲಿನವರಿಗೆ ಹೋಗಿಬಿಟ್ಟಿದೆ. ನೀನೇ ತಪ್ಪು ಕೂಗಿದೆ ಅಂತ ಬರೆದುಕೊಡು. ಕೆಲಸ ಉಳಿಯುತ್ತೆ."

"ಬರೆದುಕೊಡೋ ತಮ್ಮಾ," ಅಂದ ಅಣ್ಣ. "ದೊಡ್ಡೋರ ಜೊತೆ ಯಾಕೆ ಜಿದ್ದು?"

"ದೋಣಿ ಮರಳಲ್ಲಿ ಹೂತು ಕೂತರೆ ಅವರ ಕುರ್ಚಿ ಅಲ್ಲಾಡಲ್ಲ ಕಣಣ್ಣಾ, ಹೋಗೋದು ನಿನ್ನ ಲೈಸೆನ್ಸು. ಒಳದಂಡೆ ಮರಳಲ್ಲಿ ಈ ಕೋಲು ನೆಟ್ಟಿರ್ತೀನಿ. ಅದನ್ನು ಕಂಡ ಕೂಡಲೇ ಹೊರದಂಡೆ ಹಿಡಿ, ಅಲ್ಲಿ ಆಳ ಇದೆ."

ಅಣ್ಣ ಕೈಲಿದ್ದ ನಕ್ಷೆಯನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟ.

ನಾನು ಕೋಲು ಹೆಗಲಿಗೇರಿಸಿ ಮೆಟ್ಟಿಲಿಳಿದೆ.

"ಏಯ್! ಅದು ಆಫೀಸಿನ ಕೋಲು! ಯಾರನ್ನ ಕೇಳಿ ಒಯ್ತಿದ್ದೀಯೋ?"

ನಾನು ತಿರುಗಲಿಲ್ಲ. ತಿರುವು ಮುಟ್ಟೋಕೆ ಎರಡು ಗಂಟೆ ಹುಟ್ಟು ಹಾಕಬೇಕಿತ್ತು.